ರಣಹದ್ದು, ಎರಡನೇ ದರ್ಜೆ

ಹದ್ದಿನಬಂಡೆ,
ಇಸವಿ ೨೨೪೧, ಬಿಸಿಲುಮಾಸದ ನೂರ ಏಳನೆಯ ದಿನ.

ಅಳಿವಿನಂಚಿನ ಜೀವಿಗಳಿಗೆ ಹಣ ಹಂಚುವ ಜಾಗತಿಕ ಸಮಿತಿಯ ಮಾನ್ಯ ಸದಸ್ಯರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಬೇಸಿಗೆಯೆಲ್ಲ ಸೇರಿ ಒಂದೇ ತಿಂಗಳು. ಅದನ್ನು ಭಾಗ ಮಾಡಿ ಹೆಸರಿಡುವ ಹುರುಪು ಯಾರಿಗೂ ಉಳಿದಿಲ್ಲ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ಇದು ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಉಳಿದವರು ತೀರಿಹೋದ ತಾಯಿಗೋ ಅಜ್ಜಿಗೋ ಬರೆದುಕೊಳ್ಳುತ್ತಾರೆ. ನನ್ನ ಪಾಲಿನದನ್ನು ನಿಮ್ಮಂಥವರ ಮೇಲೆ ದಂಡ ಮಾಡುತ್ತಿದ್ದೇನೆಂದು ಅಕ್ಕಪಕ್ಕದವರು ನಗುತ್ತಿದ್ದಾರೆ.

ನನ್ನ ಹೆಸರು ಗಂಗಿಮಾಳವ್ವ. ಹುದ್ದೆ, ರಣಹದ್ದು, ಎರಡನೇ ದರ್ಜೆ. ಒಂದು ಜೀವಿ ನಿರ್ನಾಮವಾದರೂ ಅದು ಮಾಡುತ್ತಿದ್ದ ಕೆಲಸ ಹಾಗೇ ಉಳಿಯುತ್ತದಲ್ಲ, ಅದನ್ನು ಮಾಡಲು ನೇಮಕವಾದ ಮನುಷ್ಯರನ್ನು ನಾವು ಬದಲಿ ಎನ್ನುತ್ತೇವೆ. ನನ್ನ ಅಕ್ಕ ಜೇನಿನ ಬದಲಿ. ಕುಂಚ ಹಿಡಿದು ಸೂರ್ಯಕಾಂತಿ ಹೊಲದಲ್ಲಿ ಹೂವಿನಿಂದ ಹೂವಿಗೆ ಪರಾಗ ಸವರುತ್ತಾಳೆ. ಮಡಗಾಸ್ಕರಿನಲ್ಲಿ ಬಾವಲಿಯ ಬದಲಿಗಳು ಬೀಜದ ಚೀಲ ಹೊತ್ತು ಗುಡ್ಡ ಸುತ್ತುತ್ತಾರಂತೆ. ನಮ್ಮದು ಸತ್ತ ದನ, ನಾಯಿ, ಕಾಡಿನ ಹುಲಿ, ಏನು ಬಿದ್ದರೂ ಎತ್ತುವ ಕೆಲಸ. ನಿಜವಾದ ರಣಹದ್ದುಗಳ ಹಿಂಡು ಒಂದು ಎಮ್ಮೆಯನ್ನು ಗಂಟೆಯೊಳಗೆ ಬರೀ ಮೂಳೆ ಮಾಡಿಟ್ಟು ಹಾರಿಹೋಗುತ್ತಿತ್ತಂತೆ. ಹನ್ನೊಂದು ಜನ ಗರಗಸ, ಹಗ್ಗ, ಸುಣ್ಣ ಹಿಡಿದು ನಿಂತರೂ ನಮಗೆ ಎರಡು ದಿನ ಬೇಕು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಕೈ ನಾರುತ್ತದೆ. ಮದುವೆಮನೆಗಳಲ್ಲಿ ನಮಗೆ ಕೊನೆಯ ಪಂಕ್ತಿ, ಅದೂ ಹೊರಗೆ.

ನಿಮ್ಮ ಸಭೆಯ ನಡಾವಳಿ ನಮ್ಮ ಶಾಲೆಗಳಲ್ಲಿ ಪಾಠ. ಹದಿನಾರನೆಯ ವಿಷಯ ನನಗೆ ಬಾಯಿಪಾಠವಾಗಿದೆ. ರಣಹದ್ದುಗಳು ಗೂಡು ಕಟ್ಟುವ ಬಂಡೆಗಳನ್ನು ಕಾಯಲು, ಅವುಗಳಿಗೆ ವಿಷವಾಗುತ್ತಿದ್ದ ದನದ ಮದ್ದನ್ನು ಬಿಡಿಸಲು ಹಣ ಕೋರಿದ ಅರ್ಜಿ ಅದು. ಈ ಪತ್ರ ತಲುಪಿದ ಮರುದಿನ ನೀವು ಬರೆಸಲಿರುವ ಷರಾ ಹೀಗಿದೆ: ಬೋಳು ತಲೆ, ರಕ್ತ ಮೆತ್ತಿದ ಕತ್ತು, ದಾನಿಗಳ ಭೋಜನಕೂಟದಲ್ಲಿ ತೋರಿಸುವಂಥ ಚಿತ್ರವಿಲ್ಲ, ಮುಂದಿನ ಸಭೆಗೆ ಇಡಬಹುದು. ಅದಕ್ಕೂ ಹಿಂದಿನ ಹದಿನೈದು ವಿಷಯಗಳಿಗೆ ಚಪ್ಪಾಳೆ ಬೀಳುತ್ತದೆ. ಹದಿನೈದಕ್ಕೂ ದೊಡ್ಡ ಕಣ್ಣು, ಮೆತ್ತನೆಯ ತುಪ್ಪಳ. ನೀವು ಜೀವ ಉಳಿಸಲು ಕೂತವರೋ, ಮಗನಿಗೆ ಹೆಣ್ಣು ನೋಡಲು ಹೊರಟವರೋ? ಪಾಂಡಾ ಉಳಿಯಿತು, ಹಿಮಚಿರತೆ ಉಳಿಯಿತು, ಸಂತೋಷ. ಆ ಪಾಪದ ಪ್ರಾಣಿಗಳ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲೆ ಇರುವುದೂ ಸಿಟ್ಟಲ್ಲ, ಹೇಸಿಗೆ. ದಿನವೂ ಕೊಳೆತದ್ದನ್ನು ಎತ್ತುವ ನನ್ನಲ್ಲಿ ಹೇಸಿಗೆ ಹುಟ್ಟಿಸುವುದು ಸುಲಭವಲ್ಲ.

ಮನುಷ್ಯರಿಗೂ ಅಂಟಿ ಕೊಲ್ಲುವ ನೆರಡಿ ರೋಗದಿಂದ ಸತ್ತ ದನವನ್ನು ತಿಂದರೂ ಆ ಹಕ್ಕಿಗೆ ಏನೂ ಆಗುತ್ತಿರಲಿಲ್ಲವಂತೆ. ನನ್ನ ಗಂಡ ಪಾಲಯ್ಯ ಅಂಥ ಒಂದು ಹಸುವನ್ನು ಎತ್ತಿದ. ಆರನೆಯ ದಿನ ಅವನನ್ನು ನಾವು ಎತ್ತಿದೆವು. ಖಾಲಿಯಾದ ಆ ಜಾಗ ಈಗ ನಮ್ಮ ಮಗಳು ಸಿರಿಯವ್ವನಿಗೆ ಬಂದಿದೆ. ಅವಳಿಗೆ ಹದಿನೇಳು ವರ್ಷ. ಆದೇಶ ನಿನ್ನೆ ಕೈಸೇರಿತು, ಒಲ್ಲೆ ಎನ್ನುವಂತಿಲ್ಲ, ಬರುವ ಸೋಮವಾರ ಹಾಜರಾಗಬೇಕು. ಅಪ್ಪನ ಕೈಗವಸು ಹಾಕಿ ಅಳತೆ ನೋಡುತ್ತಾ ಕೇಳಿದಳು, “ಅವ್ವಾ, ಆ ಹಕ್ಕಿಗೆ ಸಂಬಳ ಎಷ್ಟು ಕೊಡ್ತಿದ್ರು?” ಏನೂ ಇಲ್ಲ ಎಂದೆ. ಅವಳು ನಂಬಲಿಲ್ಲ. “ಪುಕ್ಕಟೆ ಮಾಡೋರ್‍ನ ಯಾರಾದ್ರೂ ಕಳ್ಕೊಂತಾರೇನವ್ವ?” ಎಂದು ನಕ್ಕಳು. ಅವಳ ಬೆರಳುಗಳಿಗೆ ಆ ಕೈಗವಸು ಬಹಳ ದೊಡ್ಡದು. ನಾನು ಒಳಗೆ ಹೋಗಿ ಅತ್ತೆ.

ನಿಮ್ಮ ಸಭೆ ನಾಳೆ ಬೆಳಿಗ್ಗೆ. ಇದನ್ನೋದಿ ನಿಮ್ಮ ಮನಸ್ಸು ಕರಗೀತು ಎಂಬ ಭ್ರಮೆ ನನಗಿಲ್ಲ. ಮೂಗು ಮುಚ್ಚಿಕೊಂಡಾದರೂ ಆ ಅರ್ಜಿಗೆ ಸಹಿ ಹಾಕಿ. ಜಗತ್ತನ್ನು ಉಳಿಸಿ ಎಂದು ಕೇಳುವಷ್ಟು ನಂಬಿಕೆ ನಿಮ್ಮ ಮೇಲಿಲ್ಲ. ನನ್ನ ಮಗಳಿಗೆ ಈ ಕೆಲಸ ಸಿಗದ ಹಾಗೆ ಮಾಡಿ, ಅಷ್ಟು ಸಾಕು.

ಗಂಗಿಮಾಳವ್ವ