ಉಡಿದಾರದ ಕೀಲಿ

ದಾವಣಗೆರೆ
2-3-1961

ಚಿ. ಸೌ. ಉಮಾಮಹೇಶ್ವರಿಗೆ ಅಕ್ಕ ದ್ರಾಕ್ಷಾಯಣಿಯ ಮನಸಾರೆ ಆಶೀರ್ವಾದಗಳು.

ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಹರಿಹರವೇನು ಕಾಶಿಯೇ, ಅಕ್ಕನಿಗೆ ಒಂದು ಸಾಲು ಬರೆಯಲಾಗದೇ ಎಂದು ಬೈದಿರುತ್ತೀಯ. ಬೈಯಿ. ಬರೆಯಲು ಕೂತರೆ ಅಳು ಬರುತ್ತಿತ್ತು, ಅದಕ್ಕೆ ಬರೆಯಲಿಲ್ಲ. ನಿನ್ನ ಮೊಣಕಾಲು ನೋವು ಹೇಗಿದೆ? ಕಳಿಸಿದ ಶೇಂಗಾ ಚಟ್ನಿಪುಡಿ ಮುಟ್ಟಿತೇ?

ನಮ್ಮ ಹತ್ತಿ ಬಿಡಿಸುವ ಜಿನ್ನು ಮುಳುಗುತ್ತಿದೆ ಉಮಾ. ಅದರ ಜೊತೆ ಮಗ ಕರಿಬಸವರಾಜನೂ ನನ್ನ ಕೈ ತಪ್ಪುತ್ತಿದ್ದಾನೆ. ಸೋಮವಾರ ಟ್ರಂಕು ತೆಗೆದುಕೊಂಡು ನಿಮ್ಮಲ್ಲಿಗೆ ಬರುತ್ತಾನಂತೆ, ಅಲ್ಲೇ ಎಲ್ಲಾದರೂ ಕೆಲಸಕ್ಕೆ ಸೇರುತ್ತಾನಂತೆ.

ನಿನ್ನ ಭಾವನವರ ಪದ್ಧತಿ ನಿನಗೆ ಗೊತ್ತಲ್ಲ. ಸ್ಟೋರಿನ ಕೀಲಿ ಅವರ ಉಡಿದಾರದಲ್ಲೇ ಇರಬೇಕು. ಒಂದು ನಟ್ಟು ಬೇಕಾದರೂ, ಒಂದು ಹನಿ ಎಣ್ಣೆ ಬೇಕಾದರೂ ಅವರೇ ಬಂದು ಬೀಗ ತೆಗೆಯಬೇಕು. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಬಿಸಿಲೇರುವ ತನಕ ಮಾತಿಲ್ಲ, ಹತ್ತಿರ ಹೋಗುವ ಹಾಗಿಲ್ಲ. ಮಿಸ್ತ್ರಿ ಮಕ್ತುಮ್ ಸಾಬ್ ಹಿತ್ತಲ ಬಾಗಿಲಿಗೆ ಬಂದು, "ಅಮ್ಮಾರೆ, ಪಟ್ಟಾ ಹರಿದೈತ್ರಿ, ಮಿಶಿನ್ ನಿಂತೈತೆ. ಹೆಂಗಾರ ಮಾಡಿ ಕೀಲಿ ಕೊಡಿಸ್ರಿ" ಎಂದು ಅಂಗಲಾಚುತ್ತಿದ್ದ. ನಾನು ಯಾವ ಬಾಯಿಂದ ಕೇಳಲಿ? ಹೊರಗೆ ಹತ್ತಿ ಗಾಡಿಗಳು ಕಾದು ನಿಂತಿರುತ್ತಿದ್ದವು. ರೈತರು ಬೈಯುವುದು ಅಡುಗೆಮನೆಗೇ ಕೇಳುತ್ತಿತ್ತು.

ಹೋದ ತಿಂಗಳು ಇವರು ಉಜ್ಜಿನಿ ಮಠಕ್ಕೆ ಹೋಗುವಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಕರಿಬಸವ ಕೇಳಿದ, ಕೊಟ್ಟೆ. ಅವನು ಸೀದಾ ಮಕ್ತುಮ್ ಸಾಬನ ಕೈಗಿಟ್ಟು, "ಏನು ಬೇಕೋ ತಗೊಳ್ರಿ, ಸಂಜಿಗೆ ನಂಗೊಂದು ಮಾತು ಹೇಳ್ರಿ. ಕೆಲ್ಸ ಮಾತ್ರ ನಿಲ್ಲಬಾರ್ದು" ಅಂದ. ಅಷ್ಟೇ ನೋಡು ಅವನು ಮಾಡಿದ್ದು! ಮಿಶಿನ್ ನಿಲ್ಲಲೇ ಇಲ್ಲ. ಬಂದ ಗಾಡಿ ಅಂದೇ ಖಾಲಿಯಾಗಿ ಹೋಗುತ್ತಿತ್ತು. ಭಾನುವಳ್ಳಿಯಿಂದ ಹತ್ತಿ ತರುವ ಕುಬೇರಪ್ಪ, "ಏನ್ರಮ್ಮಾ, ನಿಮ್ ಜಿನ್ನಿಗೆ ಯಾರಾರ ಮಂತ್ರ ಹಾಕಿದ್ರೇನು?" ಎಂದು ನಕ್ಕಿದ್ದ.

ಇವರು ಬಂದು ಖುಷಿಪಡುತ್ತಾರೆ ಅಂದುಕೊಂಡಿದ್ದೆ, ನನ್ನ ಪೆದ್ದುತನ. "ಯಜಮಾನ ಇಲ್ದಿದ್ರೂ ಜಿನ್ನು ನಡಿತೈತೆ ಅಂತ ಊರಿಗೆಲ್ಲಾ ತೋರಿಸಿದ್ರೇನು?" ಎಂದು ಕೂಗಾಡಿ, ಮಕ್ತುಮ್ ಸಾಬನನ್ನು ಅಂದೇ ಕೆಲಸದಿಂದ ಬಿಡಿಸಿದರು. ಅವನು ಎದುರಿನ ಜಿನ್ನಿಗೆ ಸೇರಿದ. ಅವನ ಹಿಂದೆಯೇ ಗಾಡಿಗಳೂ ಹೋದವು. ನಮ್ಮ ಅಂಗಳದಲ್ಲಿ ಈಗ ನಾಯಿಗಳು ಮಲಗಿರುತ್ತವೆ. "ಅಪ್ಪಾಜಿ, ಹಿರೇತನ ನಿಮ್ದೇ ಇರ್ಲಿ, ಕೆಲ್ಸ ನಂಗೆ ಬಿಡ್ರಿ" ಎಂದು ಮಗ ಕೈ ಮುಗಿದು ಕೇಳಿದ. ಇವರು ಒಪ್ಪಲಿಲ್ಲ.

ನಿನ್ನ ಯಜಮಾನರನ್ನು ಭಾನುವಾರವೇ ಕಳಿಸು. ಕಾರ್ಖಾನೆಯಲ್ಲಿ ಅಷ್ಟು ಜನರ ಮೇಲೆ ಫೋರ್‌ಮನ್ ಆಗಿರುವವರು, ಕೆಲಸವನ್ನು ಇನ್ನೊಬ್ಬರಿಗೆ ನಂಬಿ ಬಿಟ್ಟರೆ ಹೇಗೆ ನಡೆಯುತ್ತದೆ ಎಂದು ಇವರಿಗೆ ತಿಳಿಸಿ ಹೇಳಲಿ. ಇವರು ಕೇಳಿದರೆ ಅವರ ಮಾತೊಂದನ್ನೇ ಕೇಳಿಯಾರು. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಮಕ್ಕಳ ತಲೆ ಸವರಿದೆ ಎಂದು ಹೇಳು. ನಿಮ್ಮ ಮನೆ ತಣ್ಣಗಿರಲಿ.

ಇಂತಿ ನಿನ್ನ ಅಕ್ಕ
ದ್ರಾಕ್ಷಾಯಣಿ

ತಾ.ಕ.: ಮೇಲೆ ಬರೆಯಲಾರದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಮಗ ಕೈ ಮುಗಿದು ಕೇಳಿದಾಗ ಇವರು, "ನನ್ನ ರಕ್ತ ಆಗಿದ್ರೆ ಹಿಂಗೆ ಮಾಡ್ತಿರ್ಲಿಲ್ಲ. ಹೆತ್ತೋರ ಮನಿಗೇ ಹೋಗು" ಅಂದುಬಿಟ್ಟರು. ನೀನು ಬಾಣಂತನದಲ್ಲೇ ನನ್ನ ಉಡಿಗೆ ಹಾಕಿದ ಮಗು ಅವನು. ಇಷ್ಟು ವರ್ಷ ಈ ಮನೆಯಲ್ಲಿ ಆ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಅವನು ನನ್ನ ಮುಖ ನೋಡಿದ. ಅಂದಿನಿಂದ ನನ್ನನ್ನು ಏನೆಂದೂ ಕರೆದಿಲ್ಲ. ಬಂದರೆ ಹೊಟ್ಟೆ ತುಂಬ ಉಣ್ಣಲು ಹಾಕು. ನಿನ್ನನ್ನು ಅವ್ವಾ ಅಂತ ಕರೆದರೂ ಕರೆದಾನು. ದೊಡ್ಡವಳಾಗಿಯೂ ನಿನ್ನ ಕಾಲಿಗೆ ಬೀಳುತ್ತೇನೆ ಉಮಾ, ಓ ಅನ್ನಬೇಡ.