ತಂದೆಯ ಕುರಿತು ಒಂದು ಸಾಲು

ಕಬ್ಬೂರ

ಮಸ್ಕತ್ತಿನಲ್ಲಿರುವ ಮಗಳು ಉಜ್ವಲಾಳ ಸನ್ನಿಧಿಗೆ, ತಂದೆ ವಿರುಪಾಕ್ಷಪ್ಪನ ವಿನಂತಿ.

ಫೋನಿನ ಮಾತು ಕೇಳಿಸದ, ಓದಲೂ ಬಾರದ ನಿನ್ನ ತಾಯಿಗೆ ನೀನು ಬರೆಯುವ ಪತ್ರಗಳನ್ನು ನಾನೇ ಅವಳ ಕಿವಿಯ ಬಳಿ ಕುಳಿತು ಗಟ್ಟಿಯಾಗಿ ಓದುತ್ತೇನೆ. ಅವುಗಳಲ್ಲಿ ನನ್ನ ಉಲ್ಲೇಖವಿರುವುದಿಲ್ಲ. ನೀನು ನರ್ಸ್ ಕೆಲಸಕ್ಕೆ ಹೊರಟ ದಿನ ಬಾಗಿಲು ಹಾಕಿಕೊಂಡು ಒಳಗೆ ಕುಳಿತ ನನಗೆ ಆಕ್ಷೇಪಿಸುವ ಹಕ್ಕಿಲ್ಲ. ಆದರೂ ಪ್ರತಿ ಪತ್ರದ ಕೊನೆಗೆ "ಅಪ್ಪಾ ಆರಾಮ ಅದಾರೇನು?" ಎಂಬ ಸಾಲನ್ನು ನಾನೇ ಸೇರಿಸಿ ಓದಿರುತ್ತೇನೆ.

"ನೋಡ್ರಿ, ಮಗಳ ಸಿಟ್ಟು ಇಳದೈತಿ. ಇನ್ನೊಮ್ಮೆ ಓದ್ರಿ" ಎನ್ನುತ್ತಾಳೆ ನಿನ್ನ ತಾಯಿ.

ಸೋಮವಾರ ಚಿಕ್ಕೋಡಿಯಲ್ಲಿ ನನ್ನ ಕಣ್ಣಿನ ಶಸ್ತ್ರಚಿಕಿತ್ಸೆ ಇರುವುದರಿಂದ, ಮುಂದಿನ ಪತ್ರದಲ್ಲಿ ನೀನು ಬರೆದಷ್ಟನ್ನೇ ನೆರೆಮನೆಯ ಮನೀಷಾ ಓದುವಳು. ಆದಕಾರಣ ಸದರಿ ಸಾಲನ್ನು ತಾಯಿಯ ಸಮಾಧಾನಕ್ಕಾದರೂ ನೀನೇ ಬರೆಯಬೇಕಾಗಿ ಪ್ರಾರ್ಥನೆ. ಅದು ಮನಸಾರೆ ಬರೆದದ್ದಾಗಿರಬೇಕೆಂಬ ಒತ್ತಾಯವಿಲ್ಲ.

ಇಂತಿ ಅರ್ಜಿದಾರ,
ನಿನ್ನ ತಂದೆ