ಬಲಕ್ಕೆ ತಿರುಗುವ ತಟ್ಟೆ

ಮಧುಗಿರಿ
ಶನಿವಾರ, ೧೫ ನವೆಂಬರ್ ೨೦೨೫

ಶ್ರೀ ಚಂದ್ರಶೇಖರ್ ಅವರಿಗೆ,

ಇತ್ತ ನಾನು ಕ್ಷೇಮ. ಅತ್ತ ನಿಮ್ಮ ಕ್ಷೇಮ ವಿಚಾರಿಸುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಅದನ್ನು ವಿಚಾರಿಸುವವರು ಶಿರಾ ಕಡಲೆಕಾಯಿ ಮಂಡಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಫೋನ್ ಮಾಡಿದರೆ ನನ್ನ ಎರಡನೇ ಮಾತಿಗೇ ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ, ಹರಿದು ಹಾಕಬಹುದು ಅಷ್ಟೇ. ಹರಿಯುವ ಮೊದಲು ಪೂರ್ತಿ ಓದುತ್ತೀರಿ ಅಂತ ನನಗೆ ಗೊತ್ತು. ನಿಮ್ಮ ಜೊತೆ ಸಂಸಾರ ಮಾಡಿದವಳು ನಾನು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಭಾನುವಾರ ನನಗೆ ವಾಪಸ್ ಬೇಕು. ನಾವಿಬ್ಬರೂ ಬೇರೆಯಾದಾಗ ನನ್ನ ಸೋದರಮಾವ ನಂದೀಶ್ವರಯ್ಯನವರು ಎರಡೂ ಕಡೆಯವರನ್ನು ಕೂರಿಸಿಕೊಂಡು ಮಾಡಿದ ತೀರ್ಮಾನ ಮರೆತಿಲ್ಲ ತಾನೇ? ಅಶ್ವಿನಿಯ ಓದು ಶಿರಾದಲ್ಲಿ, ನಿಮ್ಮ ಮನೆಯಲ್ಲಿ. ಭಾನುವಾರ ಮಾತ್ರ ಮಧುಗಿರಿಯಲ್ಲಿ, ನನ್ನ ಜೊತೆ. ಆರು ದಿನ ನಿಮಗೆ ಕೊಟ್ಟು ಒಂದು ದಿನ ಇಟ್ಟುಕೊಂಡವಳು ನಾನು. ಆ ಒಂದು ದಿನದ ಮೇಲೂ ಈಗ ನಿಮ್ಮ ಕಣ್ಣು ಬಿದ್ದಿದೆ.

ಹೋದ ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಶಿರಾ ಬಸ್ಸುಗಳು ಒಂದಾದ ಮೇಲೊಂದು ಬಂದವು, ಜನ ಇಳಿದರು, ನನ್ನ ಮಗಳು ಇಳಿಯಲಿಲ್ಲ. ಹೂ ಮಾರುವವಳು ಕೂಡ ‘ಯಾಕ್ ಮೇಡಮ್ಮೋರೆ, ಮಗಳು ಬರ್ಲಿಲ್ವಾ?’ ಅಂತ ಕೇಳಿದಳು. ಆಮೇಲೆ ನಿಮ್ಮ ವಾಟ್ಸಾಪ್ ಬಂತು. ‘ಬಲಗೈಲಿ ಆಡಂಗಿದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಭಾನುವಾರ ಮರ್ತುಬುಡು.’ ಎಷ್ಟು ಸಲೀಸಾಗಿ ಬರೆದಿರಿ! ಬಸ್ ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟೆ, ನಾಲ್ಕು ಜನ ನೋಡಿದರು, ನೋಡಲಿ.

ಅಷ್ಟಕ್ಕೆ ಸುಮ್ಮನಿರದೆ ಮಂಡಿಯಲ್ಲಿ ಕೂತು ‘ನಮ್ಮೋಳು ಇಸ್ಕೂಲ್ ಮಕ್ಕಳಿಗೆ ಊಟದ ತಟ್ಟೆ ಎಸೆಯೋದು ಕಲಿಸ್ತಾವ್ಳೆ ಕಣ್ಲಾ’ ಅಂತ ನಗಾಡಿದಿರಂತೆ. ನಿಮ್ಮ ಗುಮಾಸ್ತ ಸಣ್ಣರಂಗಯ್ಯನೇ ಇಲ್ಲಿಗೆ ಬಂದಾಗ ಹೇಳಿದ. ನಾನು ಪಿ.ಇ. ಟೀಚರ್ ಆಗಿದ್ದೇ ನಿಮಗೆ ಹಿಡಿಸಿರಲಿಲ್ಲ, ಇನ್ನು ನಾನು ತಂದ ಆಟ ಹಿಡಿಸುತ್ತದೆಯೇ? ಆದರೆ ಗೊತ್ತಿಲ್ಲದ ಆಟದ ಬಗ್ಗೆ ನಾಲಿಗೆ ಹರಿಬಿಡಬಾರದು. ಏನು ಅಂತ ಹೇಳುತ್ತೇನೆ, ಕೇಳಿ.

ಗಾಲ್ಫ್ ಆಟವನ್ನು ಟಿ.ವಿ.ಯಲ್ಲಿ ನೋಡಿದ್ದೀರಿ. ಕೋಲಿನಿಂದ ಚೆಂಡು ಹೊಡೆದು ದೂರದ ಗುಂಡಿಗೆ ಬೀಳಿಸುತ್ತಾರೆ. ಡಿಸ್ಕ್ ಗಾಲ್ಫಿನಲ್ಲಿ ಕೋಲೂ ಇಲ್ಲ, ಚೆಂಡೂ ಇಲ್ಲ. ಕೈಯಲ್ಲಿ ಒಂದು ಗಟ್ಟಿ ಪ್ಲಾಸ್ಟಿಕ್ ತಟ್ಟೆ, ಅದೇ ಡಿಸ್ಕ್. ಗುಂಡಿಯ ಬದಲು ನೆಟ್ಟ ಕಂಬ, ಕಂಬದ ನಡುವಿಗೆ ಕಬ್ಬಿಣದ ಬುಟ್ಟಿ, ಬುಟ್ಟಿಯ ಮೇಲೆ ಸುತ್ತಲೂ ಇಳಿಬಿಟ್ಟ ಚೈನುಗಳು. ಎಸೆದ ಡಿಸ್ಕ್ ಚೈನಿಗೆ ಬಡಿದು ಬುಟ್ಟಿಗೆ ಬೀಳಬೇಕು. ಬುಟ್ಟಿ ಬಲು ದೂರ, ಒಂದೇ ಸಲಕ್ಕೆ ಬೀಳುವುದಿಲ್ಲ. ಬಿದ್ದ ಜಾಗದಿಂದಲೇ ಮತ್ತೆ ಎಸೆಯಬೇಕು, ಮತ್ತೆ ನಡೆಯಬೇಕು. ಕಡಿಮೆ ಎಸೆತಗಳಲ್ಲಿ ಎಲ್ಲ ಬುಟ್ಟಿಗಳನ್ನು ಮುಗಿಸಿದವರು ಗೆದ್ದರು. ದೂರ ಹಾರಿಸಲು ಅಂಚು ತೆಳುವಾದ ಡಿಸ್ಕ್, ಬುಟ್ಟಿಯ ಹತ್ತಿರ ಬಂದಮೇಲೆ ಅಂಚು ದಪ್ಪಗಿರುವ ಡಿಸ್ಕ್. ಇಷ್ಟು ಅರ್ಥವಾಗುವುದಕ್ಕೆ ಮಹಾ ಬುದ್ಧಿ ಬೇಕಾಗಿಲ್ಲ, ಆರನೇ ಕ್ಲಾಸಿನ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಅರ್ಥವಾಗಿದೆ.

ಇದನ್ನು ನಾನು ಕಲಿತದ್ದು ಹೋದ ಬೇಸಿಗೆಯ ಒಂದು ತರಬೇತಿ ಶಿಬಿರದಲ್ಲಿ. ನಮ್ಮ ಶಾಲೆಗೆ ಸಮತಟ್ಟಾದ ಮೈದಾನವೇ ಇಲ್ಲ, ಹಿಂದೆಲ್ಲ ಬರೀ ಬಂಡೆ, ಜಾಲಿ, ಏರು ತಗ್ಗು. ಈ ಆಟಕ್ಕೆ ಅದೇ ಬೇಕು. ಗ್ಯಾರೇಜಿನ ಬೊಮ್ಮಪ್ಪ ಹಳೇ ಪೈಪು, ಚೈನು ವೆಲ್ಡ್ ಮಾಡಿ ಒಂಬತ್ತು ಬುಟ್ಟಿ ಮಾಡಿಕೊಟ್ಟ. ನೆಟ್ಟ ಮಾರನೇ ದಿನ ಹೋಗಿ ನೋಡಿದರೆ ಎಲ್ಲ ಬುಟ್ಟಿಗಳಲ್ಲೂ ಹೊಂಗೆ ಸೊಪ್ಪು! ಮೇಕೆ ಮೇಯಿಸುವ ಚಿಕ್ಕಹನುಮಕ್ಕ, ಪಂಚಾಯ್ತಿಯವರು ಮೇಕೆಗಳಿಗೆ ಮೇವಿನ ಗೂಡೆ ನೆಟ್ಟಿದ್ದಾರೆ ಅಂದುಕೊಂಡು ತುಂಬಿಬಿಟ್ಟಿದ್ದಳು. ‘ಅಲ್ಲ ಕಣವ್ವ, ಆಟ ಆಡಕ್ಕೆ ಇಷ್ಟೊಂದು ಕಬ್ಣ ಯಾವನಾದ್ರೂ ಹಾಳ್ಮಾಡ್ತಾನಾ?’ ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಈಗ ಅವಳೇ ಪೊದೆಯಲ್ಲಿ ಬಿದ್ದ ಡಿಸ್ಕ್ ಹುಡುಕಿ ಕೊಡುತ್ತಾಳೆ.

ಆಟದಲ್ಲಿ ಒಂದು ಪದ್ಧತಿ ಇದೆ. ಬುಟ್ಟಿಯಿಂದ ಯಾರ ಡಿಸ್ಕ್ ಎಲ್ಲರಿಗಿಂತ ದೂರ ಬಿದ್ದಿದೆಯೋ ಅವರಿಗೆ ಮೊದಲ ಸರದಿ. ಹಿಂದುಳಿದವರಿಗಾಗಿ ಮುಂದಿದ್ದವರು ನಿಂತು ಕಾಯಬೇಕು. ಅವರು ಎಸೆಯುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಅಂಪೈರ್ ಇಲ್ಲ, ತಮ್ಮ ಎಸೆತದ ಲೆಕ್ಕ ತಾವೇ ಎಲ್ಲರ ಮುಂದೆ ಹೇಳಬೇಕು. ಕಾಯುವುದು, ಬಾಯಿ ಮುಚ್ಚುವುದು, ತನ್ನ ತಪ್ಪು ತಾನೇ ಹೇಳುವುದು. ಈ ಜನ್ಮದಲ್ಲಿ ನಿಮಗೆ ಈ ಆಟ ಒಗ್ಗುವುದಿಲ್ಲ ಬಿಡಿ.

ಈಗ ನನ್ನ ಮಗಳ ಕೈ ವಿಷಯ. ಅಶ್ವಿನಿ ಹುಟ್ಟಾ ಎಡಚಿ. ಮಗುವಾಗಿದ್ದಾಗ ಗಿಲಕಿ ಹಿಡಿದದ್ದೂ ಎಡಗೈಯಲ್ಲೇ. ನಿಮ್ಮ ತಾಯಿ ಕೊಲ್ಲಾಪುರಮ್ಮನವರು ಮಾಡಿದ ಕೆಲಸ ಮರೆಯುವಂಥದ್ದೇ? ಊಟಕ್ಕೆ ಕೂರಿಸಿದರೆ ಮಗುವಿನ ಎಡಗೈಯನ್ನು ತಮ್ಮ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಅದುಮಿ ಹಿಡಿದುಕೊಳ್ಳುತ್ತಿದ್ದರು. ‘ಎಡಗೈಲಿ ಉಂಡ್ರೆ ಮನೇಗೆ ಏಳ್ಗೆ ಇಲ್ಲ ಕಣಮ್ಮ’ ಅಂತ ನನಗೇ ಬುದ್ಧಿ. ಮಗು ಅಳುತ್ತಾ ಬಲಗೈಯಲ್ಲಿ ಅನ್ನ ಚೆಲ್ಲಿಕೊಂಡು ತಿನ್ನುತ್ತಿತ್ತು. ನೀವು ಎದುರಿಗೇ ಕೂತು ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದಿರಿ. ಆ ಹೆಂಗಸಿನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆ ಮನೆ ಬಿಟ್ಟು ಬಂದದ್ದಕ್ಕೆ ನೂರು ಕಾರಣ ಹೇಳಿದ್ದೆ, ಅದರಲ್ಲಿ ಇದೂ ಒಂದು.

ಹೋದ ವರ್ಷದ ರಜೆಯಲ್ಲಿ ಅವಳನ್ನು ಮಂಡಿಯಲ್ಲಿ ಕೂರಿಸಿಕೊಂಡಿದ್ದಿರಿ. ಬೆಳಿಗ್ಗೆ ಮೊದಲು ಬಂದ ಗಿರಾಕಿಗೆ ಕಡಲೆಕಾಯಿಯ ಮಾದರಿಯನ್ನು ಅವಳು ಎಡಗೈಯಲ್ಲಿ ಹಿಡಿದು ಕೊಟ್ಟಳಂತೆ. ಬೋಣಿಗೆ ಹೊತ್ತಲ್ಲಿ ಎಡಗೈ ಅಂತ ಆ ಮನುಷ್ಯ ಮುಟ್ಟದೆ ಪಕ್ಕದ ಮಂಡಿಗೆ ಹೋದನಂತೆ. ಎಲ್ಲರ ಎದುರು ‘ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ’ ಅಂತ ಹೆತ್ತ ಮಗಳ ಕೈಗೆ ಹೊಡೆದಿರಿ. ಹೊಡೆದಿರಿ ಚಂದ್ರಶೇಖರ್! ಅವಳು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಅದೂ ‘ಅಪ್ಪನ್ನ ಬೈಬೇಡ’ ಅಂತ ಆಣೆ ಹಾಕಿಸಿಕೊಂಡು. ಆ ಆಣೆ ಈಗ ಮುರಿಯುತ್ತಿದ್ದೇನೆ.

ಇನ್ನು ನೀವು ನೋಡಿ ಕೆಂಡವಾದ ಆ ವಿಡಿಯೋ. ಅವಳಿಗೆ ಎಡಗೈಯಲ್ಲಿ ಎಸೆ ಅಂತ ನಾನು ಹೇಳಿಕೊಟ್ಟೆ ಅನ್ನುತ್ತೀರಿ. ಹೇಳಿಕೊಟ್ಟಿಲ್ಲ. ಎರಡು ತಿಂಗಳು, ಭಾನುವಾರ ಬಂದಾಗಲೆಲ್ಲ, ನಮ್ಮ ಶಾಲೆಯ ಮಕ್ಕಳ ಜೊತೆ ಅವಳು ಬಲಗೈಯಲ್ಲೇ ಎಸೆದಳು, ಎಲ್ಲರಿಗಿಂತ ಹಿಂದೆ ಬಿದ್ದಳು, ನಾನು ತುಟಿ ಕಚ್ಚಿಕೊಂಡು ನೋಡಿದೆ. ನಮ್ಮ ಐದನೇ ಬುಟ್ಟಿ ಒಂದು ದೊಡ್ಡ ಬಂಡೆಯ ಹಿಂದೆ, ಬಲಗಡೆಗೆ ಇದೆ. ಬಲಗೈಯಲ್ಲಿ ಎದೆಯ ಮುಂದಿಂದ ಬೀಸಿ ಎಸೆದ ಡಿಸ್ಕ್ ವೇಗ ಕಡಿಮೆಯಾದ ಮೇಲೆ ಎಡಕ್ಕೆ ವಾಲುತ್ತದೆ, ಅದು ಅದರ ಗುಣ. ಬೇರೆ ಥರದ ಎಸೆತ ಇದೆ, ನಮ್ಮ ಮಕ್ಕಳಿಗೆ ಇನ್ನೂ ಅದು ಬಂದಿಲ್ಲ. ಹಾಗಾಗಿ ಎಲ್ಲರ ಡಿಸ್ಕೂ ಎಡಗಡೆಯ ಬಳ್ಳಾರಿ ಜಾಲಿಗೆ ಹೋಗಿ ಬೀಳುತ್ತದೆ. ಆ ದಿನ ಅಶ್ವಿನಿಯದೂ ಬಿತ್ತು. ಮುಳ್ಳಿನಿಂದ ಎತ್ತಿಕೊಂಡು ಬಂದು ನನ್ನ ಹತ್ತಿರ ಪಿಸುಗುಟ್ಟಿದಳು, ‘ಅಮ್ಮಾ, ಒಂದೇ ಸಲ ಆ ಕೈಲಿ ಎಸೀಲಾ? ಅಪ್ಪಂಗೆ ಹೇಳ್ಬೇಡ.’

ಆ ಕೈ ಅಂದಳು ರೀ. ತನ್ನ ಕೈಯನ್ನು ಆ ಕೈ ಅಂದಳು.

ಎಸೆ ಅಂದೆ. ಎಸೆದಳು. ಡಿಸ್ಕ್ ಬಂಡೆಯ ಎಡಗಡೆಯಿಂದ ಹೊರಟು, ಮೇಲೇರಿ, ನಿಧಾನವಾಗಿ ಬಲಕ್ಕೆ ವಾಲಿಕೊಂಡು ಬಂಡೆಯ ಹಿಂದಕ್ಕೆ ಹೋಯಿತು. ಆಮೇಲೆ ಚೈನಿನ ಸದ್ದು ಕೇಳಿತು. ಮಕ್ಕಳು ಕಿರುಚಿದವು. ಯಾವುದೋ ಹುಡುಗಿ ವಿಡಿಯೋ ಮಾಡಿದ್ದಳು, ಸ್ಟೇಟಸ್ ಹಾಕಿದಳು, ಅದು ನಿಮಗೆ ಮುಟ್ಟಿತು. ನೀವು ಅದರಲ್ಲಿ ಕೈ ನೋಡಿದಿರಿ. ಮುಖ ನೋಡಿದಿರಾ? ಆ ಮುಖದಲ್ಲಿ ಅಂಥ ಸಂತೋಷ ನಾನು ಹೆತ್ತವಳೇ ನೋಡಿರಲಿಲ್ಲ.

ನನಗೆ ಒಂದು ಮಾತು ಅರ್ಥವಾಗುವುದಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುವ ಹಾಗೆ, ನನ್ನ ಮೇಲಿನ ದ್ವೇಷವನ್ನು ಆ ಮಗುವಿನ ಕೈ ಮೇಲೆ ಯಾಕೆ ತೀರಿಸಿಕೊಳ್ಳುತ್ತೀರಿ? ಮುಂದಿನ ತಿಂಗಳು ಕೊರಟಗೆರೆ, ಪಾವಗಡದ ಶಾಲೆಗಳು ಇಲ್ಲಿಗೆ ಆಡಲು ಬರುತ್ತಿವೆ. ನಮ್ಮ ಮಕ್ಕಳ ಜೊತೆ ಅವಳೂ ಆಡುತ್ತಾಳೆ, ತನ್ನ ಕೈಯಲ್ಲಿ ಆಡುತ್ತಾಳೆ. ಬಲಗೈಯಲ್ಲಿ ಆಡು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಭಾನುವಾರ ಸಿಗುತ್ತದೆ, ಮಗಳು ಸಿಗುವುದಿಲ್ಲ. ನಾಳೆ ಕಳಿಸುವುದಿಲ್ಲ ಅಂತ ಗೊತ್ತು, ಆದರೂ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಮುಂದಿನ ವಾರವೂ ಕಳಿಸದಿದ್ದರೆ ನಾನೇ ನಿಮ್ಮ ಮಂಡಿಗೆ ಬರುತ್ತೇನೆ, ಬೋಣಿಗೆ ಹೊತ್ತಿಗೇ ಬರುತ್ತೇನೆ. ಶಿರಾ ಪೇಟೆಯೆಲ್ಲ ನೋಡಲಿ.

ನಿಮ್ಮವಳು ಅಂತ ಬರೆಯಲಾರದ,
ಅನುಪಮಾ

ಮರೆತ ಮಾತು ಅಂತ ಬರೆಯುವುದಿಲ್ಲ, ನಡೆದ ಮಾತು. ಭಾನುವಾರ ಸಂಜೆ.

ಅಂಟಿಸಿದ್ದ ಕವರ್ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಬಸ್ಸಿನಿಂದ ಅಶ್ವಿನಿ ಇಳಿದಳು. ಅವಳ ಹಿಂದೆ ನಿಮ್ಮ ತಾಯಿ ಇಳಿದರು. ಮೊಮ್ಮಗಳನ್ನು ಕರೆದುಕೊಂಡು ನಾಗಲಮಡಿಕೆ ಸುಬ್ಬಪ್ಪನಿಗೆ ಹರಕೆ ತೀರಿಸಲು ಹೋಗುತ್ತೇನೆ ಅಂತ ನಿಮಗೆ ಹೇಳಿ ಹೊರಟವರು ಮಧುಗಿರಿಯಲ್ಲೇ ಇಳಿದಿದ್ದರು. ನಾನು ಮುಖ ತಿರುಗಿಸಿದೆ. ಅವರೇ ‘ವಿಡಿಯೋದಾಗೆ ನೋಡಿದ್ನಲ್ಲ, ಎಲ್ಲೈತೆ ಆ ಗೂಡೆ, ತೋರ್ಸು ನಡಿ’ ಅಂದರು.

ಬಂಡೆಯ ಹತ್ತಿರ ಅಶ್ವಿನಿ ಅಜ್ಜಿಯ ಮುಖ ನೋಡಿ ಡಿಸ್ಕನ್ನು ಬಲಗೈಗೆ ತೆಗೆದುಕೊಂಡಳು. ಅತ್ತೆ ಹೋಗಿ ಅವಳ ಬಲಗೈಯಿಂದ ಅದನ್ನು ಬಿಡಿಸಿ ಎಡಗೈಗೆ ಇಟ್ಟರು. ಎಸೆದು ಮುಗಿಸಿದ ಮೇಲೆ ಆ ಎಡಗೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡು ಅತ್ತುಬಿಟ್ಟರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ನನಗೆ ಹೇಳಿದರು, ‘ನನ್ ಚಂದ್ರೂನೂ ಇಂಗೇ ಎಡಚ ಕಣಮ್ಮ. ಐದು ವರ್ಸದ ಕೂಸು. ಎಷ್ಟ್ ಹೇಳಿದ್ರೂ ಎಡಗೈಲೇ ಉಣ್ತಿದ್ದ. ನಿಮ್ ಮಾವ ನನ್ನ ಬೈಯೋರು. ಒಂದಿನ ಕಾದ ಸೌಟು ಅವನ ಅಂಗೈಗೆ ಇಟ್ಬುಟ್ಟೆ. ಆವತ್ತಿಂದ ಆ ಕೈ ಎತ್ಲಿಲ್ಲ ನನ್ ಮಗ. ಈ ಕೂಸಿಗೆ ಬರೆ ಹಾಕಕ್ಕೆ ನಂಗೆ ಧೈರ್ಯ ಬರ್ಲಿಲ್ಲ, ಅದಕ್ಕೇ ಸೆರಗು ಸುತ್ತಿದ್ದು.’

ಮದುವೆಯಾದ ಹೊಸತರಲ್ಲಿ ನಿಮ್ಮ ಅಂಗೈಯ ಗುರುತು ಕೇಳಿದ್ದೆ. ಪಟಾಕಿ ಸಿಡಿದದ್ದು ಅಂದಿದ್ದಿರಿ.

ಈ ಕಾಗದವನ್ನು ಅವರು ಪೂರ್ತಿ ಓದಿಸಿ ಕೇಳಿದರು. ಅವರ ವಿಷಯ ಬಂದಲ್ಲಿ ಹೊಡೆದುಹಾಕಲು ಹೋದೆ, ‘ಇರ್ಲಿ ಬುಡು, ದಿಟವೇ ಐತಲ್ಲ’ ಅಂತ ತಡೆದರು. ನಿಮಗೆ ಇದನ್ನು ತಾವಾಗಿ ಹೇಳಲು ಬಾಯಿ ಬರುವುದಿಲ್ಲವಂತೆ, ನೀನೇ ಬರಿ ಅಂದರು. ಸಂಜೆಯ ಬಸ್ಸಿಗೆ ಇಬ್ಬರನ್ನೂ ಹತ್ತಿಸಿ ಬಂದೆ. ಈ ಕಾಗದ ಸಿಗುವವರೆಗೆ ನಿಮ್ಮ ಲೆಕ್ಕದಲ್ಲಿ ಅವರು ನಾಗಲಮಡಿಕೆಗೇ ಹೋಗಿಬಂದವರು. ಆ ಮುದುಕಿಯನ್ನು ಬೈಯಬೇಡಿ.

ನಿಮ್ಮ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಆದರೆ ಸಂಜೆಯಿಂದ ಆ ಐದು ವರ್ಷದ ಕೂಸು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಆವತ್ತು ಆ ಸೌಟಿಗೆ ಅಡ್ಡ ಬರಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಮಗಳ ಕೈ ಕಾಯಲು ನಾನು ಅಡ್ಡ ನಿಂತಿದ್ದೇನೆ, ಇವತ್ತು ನಿಮ್ಮ ತಾಯಿಯೂ ಬಂದು ನಿಂತರು. ನೀವೂ ಬರುವುದಾದರೆ ಜಾಗ ಇದೆ.